ದಡದಲ್ಲಿ ಕಾಯುವವರ ಗಡಿಯಾರ

ಈಜು, ಸೈಕಲ್ ಸವಾರಿ, ಓಟ. ಮಲೆನಾಡಿನ ಹುಡುಗರಿಗೆ ಇವು ಮೂರೂ ಹೊಸತಲ್ಲ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಕೆರೆಗೆ ಇಳಿದವರು, ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದವರು, ಶಾಲೆಯ ಗಂಟೆ ಬಾರಿಸುವ ಮೊದಲು ಗದ್ದೆಯ ಅಂಚಿನ ಮೇಲೆ ಓಡಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ಈ ಮೂರನ್ನೂ ಒಂದರ ಹಿಂದೊಂದರಂತೆ, ನಡುವೆ ಕುಳಿತು ದಣಿವಾರಿಸಿಕೊಳ್ಳದೆ, ಒಂದೇ ದಿನ ಮುಗಿಸಬೇಕೆಂದರೆ? ಅದಕ್ಕೇ ಟ್ರಯತ್ಲಾನ್ ಎಂದು ಹೆಸರು.

ಈ ಕ್ರೀಡೆಗೆ ಹೆಚ್ಚಿನ ವಯಸ್ಸಾಗಿಲ್ಲ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬಲ್ಲಿ ಓಟಗಾರರ ಕ್ಲಬ್ಬೊಂದು ಇಂಥ ಸ್ಪರ್ಧೆ ನಡೆಸಿತು. ಅದರಲ್ಲಿ ಭಾಗವಹಿಸಿದ್ದ ಜಾನ್ ಮತ್ತು ಜೂಡಿ ಕಾಲಿನ್ಸ್ ದಂಪತಿ ಮುಂದೆ ಹವಾಯಿಗೆ ಹೋಗಿ ನೆಲೆಸಿದರು. 1978ರ ಫೆಬ್ರವರಿ 18ರಂದು ಅಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42 ಕಿ.ಮೀ. ಓಟದ ಸ್ಪರ್ಧೆ ಏರ್ಪಡಿಸಿದರು. ಹೊರಟವರು 15 ಜನ, ಮುಗಿಸಿದವರು 12 ಜನ. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷಕ್ಕೂ ಮೇಲೆ. ಆ ದಿನ ನೀರು, ಆಹಾರ ಒದಗಿಸುವ ಸಹಾಯಕರನ್ನು ಸ್ಪರ್ಧಿಗಳೇ ಕರೆತರಬೇಕಿತ್ತು. ಅಂದರೆ ಓಡುವವನ ಹಿಂದೆ ಅವನ ಮನೆಯವರೋ ಗೆಳೆಯರೋ ದಿನವಿಡೀ ಇರಬೇಕಾಗಿತ್ತು! ಗೆದ್ದವನ ಹೆಸರು ಪುಸ್ತಕಗಳಲ್ಲಿದೆ. ನೀರು ಹಿಡಿದು ನಿಂತವರ ಹೆಸರನ್ನು ಯಾರೂ ಕೇಳುವುದಿಲ್ಲ.

2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಸೇರಿದ ಈ ಕ್ರೀಡೆ ನಿಧಾನವಾಗಿ ಭಾರತಕ್ಕೂ ಬಂತು. 2019ರ ಅಕ್ಟೋಬರಿನಲ್ಲಿ ಗೋವೆಯ ಮೀರಾಮಾರ್ ಕಡಲತೀರದಲ್ಲಿ ಅದರ ಅರ್ಧ ದೂರದ ಸ್ಪರ್ಧೆ ನಡೆಯಿತು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21 ಕಿ.ಮೀ. ಓಟ. ಕರ್ನಾಟಕದವರಿಗೆ ಗೋವೆ ದೂರವೇನಲ್ಲವಲ್ಲ. ನೌಕರಿ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ನಿಭಾಯಿಸುತ್ತಲೇ ಇದಕ್ಕೆ ತಯಾರಾಗುವ ಗೃಹಸ್ಥರು ಇಂದು ಸಣ್ಣ ಊರುಗಳಲ್ಲೂ ಇದ್ದಾರೆ.

ಸಾಗರದ ಒಂದು ಮನೆಯ ಯಜಮಾನರು ಅಂಥವರಲ್ಲೊಬ್ಬರು. ವಯಸ್ಸು 46, ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ನಡಿಗೆ ಆರಂಭಿಸಿದರು. ನಡಿಗೆ ಓಟವಾಯಿತು, ಓಟಕ್ಕೆ ಸೈಕಲ್ ಸೇರಿತು, ಬಾಲ್ಯದ ಈಜು ಕೆರೆಯಲ್ಲಿ ಮತ್ತೆ ನೆನಪಾಯಿತು. ಸಕ್ಕರೆ ಹತೋಟಿಗೆ ಬಂತು. ಅಷ್ಟಕ್ಕೇ ನಿಲ್ಲದೆ 2022ರ ನವೆಂಬರಿನ ಗೋವೆಯ ಸ್ಪರ್ಧೆಗೆ ಹೆಸರನ್ನೂ ಕೊಟ್ಟರು. ವಾರಕ್ಕೆ ಹತ್ತು ಗಂಟೆ ಅಭ್ಯಾಸ. ಅಂಚೆ ಕಚೇರಿಯಲ್ಲಿ ಉದ್ಯೋಗಿಯಾದ ಪತ್ನಿ ಬೆಳಗಿನ ಜಾವ ನಾಲ್ಕೂವರೆಗೆ ಅಲಾರಾಂ ಕೇಳುವುದನ್ನು ಅಭ್ಯಾಸ ಮಾಡಿಕೊಂಡರು. ಹತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ ಭಾನುವಾರಗಳಲ್ಲಿ ಅಪ್ಪ ಇರುವುದಿಲ್ಲವೆಂದು ತಿಳಿದುಕೊಂಡರು.

ಕೆರೆಯ ನೀರು ಬೇರೆ, ಕಡಲಿನ ನೀರು ಬೇರೆ. ಹೀಗಾಗಿ ಅದರ ಹಿಂದಿನ ಡಿಸೆಂಬರಿನಲ್ಲೇ ಅವರು ಮನೆಮಂದಿಯೊಂದಿಗೆ ಕರಾವಳಿಯ ಒಂದು ದಂಡೆಗೆ ಹೋಗಿದ್ದರು. "ಅರ್ಧ ಗಂಟೆ, ಈಜಿ ಬಂದುಬಿಡ್ತೀನಿ" ಎಂದು ಟವೆಲ್ಲನ್ನೂ ಚಪ್ಪಲಿಯನ್ನೂ ಹೆಂಡತಿಯ ಕೈಗೆ ಕೊಟ್ಟು ಇಳಿದರು. ಮೊದಲ ಹತ್ತು ನಿಮಿಷ ತಲೆ ಕಾಣುತ್ತಿತ್ತು. ಆಮೇಲೆ ಬಲೆಯ ಬೆಂಡುಗಳಲ್ಲಿ ಅದೂ ಒಂದು ಚುಕ್ಕಿಯಾಯಿತು. "ಅಮ್ಮಾ, ಅದರಲ್ಲಿ ಅಪ್ಪ ಯಾವುದು?" ಎಂದು ಮಗ ಕೇಳಿದ. ಆಕೆಗೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ಕಳೆದಾಗ ಮಗಳು, ಬಲೆ ಸರಿಪಡಿಸುತ್ತಿದ್ದ ಮೀನುಗಾರರ ಬಳಿಗೆ ಓಡಿದಳು. ವೃದ್ಧರೊಬ್ಬರು ಎದ್ದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ನೀರು ತೆಂಕಕ್ಕೆ ಎಳೀತಾ ಉಂಟು, ಆ ಬದಿ ನೋಡಿ" ಎಂದರು. ಅವರು ಹೇಳಿದಂತೆಯೇ ಆಯಿತು. ಸುಮಾರು ಅರ್ಧ ಕಿ.ಮೀ. ದೂರದ ಬಂಡೆಯಾಚೆ ಮೇಲೆದ್ದ ಅಪ್ಪ ನಗುತ್ತಾ ನಡೆದು ಬಂದರು. "ಒಂದು ಗಂಟೆ ಹತ್ತು ನಿಮಿಷ ಈಜಿದೆ!" ಎಂದು ಕೈಗಡಿಯಾರ ತೋರಿಸಿದರು. ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಒಣಗಿದ ಟವೆಲ್ಲನ್ನು ಮತ್ತೆ ಮತ್ತೆ ಮಡಿಸುತ್ತಿದ್ದರು. ಘಾಟಿ ಹತ್ತುವವರೆಗೂ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಮರುವರ್ಷ ದಸರಾ ರಜೆಯಲ್ಲಿ ಕಡಲಿಗೆ ಹೋಗುವ ಮಾತು ಬಂದಾಗ ಆ ಮೌನ ಮಾತಾಯಿತು. "ನೀವೊಬ್ಬರೇ ಹೋಗಿ ಬನ್ನಿ. ಟವೆಲ್ ಹಿಡಿದು ನಿಲ್ಲೋದಕ್ಕೆ ನಾನು ಬರೋದಿಲ್ಲ" ಎಂದರು ಪತ್ನಿ. ಮಗಳಿಗೆ ಅಳು ಬಂತು. "ಪರೀಕ್ಷೆಗೆ ಮೊದಲು ನನಗಿರೋದು ಇದೊಂದೇ ರಜೆ ಅಪ್ಪ." ಅಪ್ಪ ತಮ್ಮ ಹದಿನಾರು ವಾರಗಳ ಅಭ್ಯಾಸದ ಪಟ್ಟಿ ತಂದು ಮುಂದಿಟ್ಟರು. ಎಲ್ಲಿಯೂ ಬಿಡುವಿಲ್ಲವೆಂದು ತೋರಿಸುವುದು ಅವರ ಉದ್ದೇಶ. ಆದರೆ ಮಗಳು ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದಳು. ತಲೆಬರಹ: 'ಆಗ ನಾವು'. ಭಾನುವಾರ, ಸೈಕಲ್ ನಾಲ್ಕು ಗಂಟೆ. ಆಗ ನಾವು: ಊಟಕ್ಕೆ ಕಾದೆವು. ಬುಧವಾರ, ಕೆರೆಯಲ್ಲಿ ಈಜು ಒಂದು ಗಂಟೆ. ಆಗ ಅಮ್ಮ: ಫೋನ್ ಕೈಯಲ್ಲಿ ಹಿಡಿದೇ ಅಡುಗೆ ಮಾಡಿದರು.

ಇಪ್ಪತ್ತು ವರ್ಷ ಜಮಾ ಖರ್ಚು ಬರೆದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕೇ? ಒಂದೇ ಪುಟ ತುಂಬಿದ ಲೆಕ್ಕವನ್ನು ಅವರು ಕಚೇರಿಯಲ್ಲಿ ಯಾರಿಂದಲೂ ಒಪ್ಪಿಕೊಂಡವರಲ್ಲ. ಅಂದು ರಾತ್ರಿ ನಾಲ್ವರೂ ಕುಳಿತು ಹೊಸ ಪಟ್ಟಿ ಮಾಡಿದರು.

ಕುತೂಹಲದ ಸಂಗತಿಯೆಂದರೆ, ವಿಜ್ಞಾನವೂ ಮಗಳ ಕಡೆಗೇ ಇತ್ತು. ವ್ಯಾಯಾಮ ಮಾಡುವಾಗ ಶಕ್ತಿ ಬೆಳೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಆಗ ಶಕ್ತಿ ಖರ್ಚಾಗುತ್ತದೆ. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಒಟ್ಟು ಅರ್ಧ ಕಿಲೋಗ್ರಾಂ ಆಸುಪಾಸು. ಎರಡು ಮೂರು ಗಂಟೆಗಳ ಕಠಿಣ ಶ್ರಮದಲ್ಲಿ ಅದರ ಬಹುಪಾಲು ಕರಗುತ್ತದೆ. ಚೆನ್ನಾಗಿ ಉಂಡರೂ ಮತ್ತೆ ತುಂಬಲು ಸುಮಾರು ಒಂದು ದಿನ ಬೇಕು. ಸ್ನಾಯುವಿನ ಎಳೆಗಳಲ್ಲಿ ಉಂಟಾದ ಸೂಕ್ಷ್ಮ ಹರಿತಗಳು ಕೂಡಿಕೊಂಡು ಗಟ್ಟಿಯಾಗುವುದು ವಿರಾಮದಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ರೆಯಲ್ಲಿ. ಆದ್ದರಿಂದಲೇ ಅನೇಕ ತರಬೇತುದಾರರು ಮೂರು ವಾರ ಅಭ್ಯಾಸ ಏರಿಸಿ ನಾಲ್ಕನೆಯ ವಾರ ಇಳಿಸುತ್ತಾರೆ. ಸಾಗರದ ಈ ಯಜಮಾನರ ಪಟ್ಟಿಯಲ್ಲೂ ಅಂಥ ಇಳಿಕೆಯ ವಾರಗಳಿದ್ದವು. ಅವುಗಳನ್ನು ದುರ್ಬಲರಿಗೆ ಬರೆದದ್ದೆಂದು ಭಾವಿಸಿ ಅವರು ದಾಟಿಹೋಗುತ್ತಿದ್ದರು, ಅಷ್ಟೇ.

ಹೊಸ ಪಟ್ಟಿಯಂತೆ ಶನಿವಾರ ಬೆಳಗಿನ ಜಾವ ಅವರು ಸೈಕಲ್ ಏರಿದರು. ಸಾಗರದಿಂದ ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ತೊಂಬತ್ತು ಕಿ.ಮೀ. ಆಸುಪಾಸು. ಸ್ಪರ್ಧೆಯ ದೂರವೇ ಹೆಚ್ಚುಕಡಿಮೆ! ಮಂಜು ಕರಗಿ ಬೆಳಕು ಹರಿದ ಮೇಲೆಯೇ ಘಾಟಿ ಇಳಿಯಬೇಕೆಂಬುದು ಪತ್ನಿಯ ಷರತ್ತು. ಮನೆಯವರು ಎಂಟು ಗಂಟೆಯವರೆಗೆ ಮಲಗಿ, ದೋಸೆ ತಿಂದು, ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಕಾರಿನಲ್ಲಿ ಹೊರಟರು. ಎರಡು ದಾರಿಯೂ ಒಂದೇ ಹೊತ್ತಿಗೆ ಶರಾವತಿ ಸೇತುವೆಯ ಬಳಿ ಕೂಡಿದವು. ಯಾರೂ ಯಾರನ್ನೂ ಕಾಯಲಿಲ್ಲ. ಆ ದಿನದ ಅಭ್ಯಾಸ ಹತ್ತೂವರೆಗೆ ಮುಗಿದಿತ್ತು. ಉಳಿದ ದಿನ ಮಕ್ಕಳದ್ದು.

ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರಗಳಲ್ಲಿ ಇದೂ ಒಂದು. ಸ್ನಾನಕ್ಕೆ ಗುರುತಿಸಿದ ಜಾಗವೂ ಜೀವರಕ್ಷಕರೂ ಇರುವುದರಿಂದಲೇ ಈ ದಂಡೆಯನ್ನು ಆರಿಸಿದ್ದರು. ನದಿ ಕಡಲು ಸೇರುವ ಕಡೆ ಇಳಿತದ ಹೊತ್ತಿನಲ್ಲಿ ನೀರು ರಭಸದಿಂದ ಕಡಲಿನತ್ತ ಹರಿಯುತ್ತದೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಹನ್ನೆರಡು ನಿಮಿಷ ಎಂದು ಲೆಕ್ಕ. ಈ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತದೆ. ನಿನ್ನೆ ಏಳು ಗಂಟೆಗೆ ಶಾಂತವಾಗಿದ್ದ ನೀರು ಇಂದು ಏಳಕ್ಕೂ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ. ಒಳಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಹೋರಾಡಿದರೆ ಬೇಗ ಸೋಲುತ್ತಾರೆ. ಗಾಬರಿಯಾಗದೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಕಡಲಿಗೆ ಪ್ರವಾಸ ಹೋಗುವ ಪ್ರತಿ ವಿದ್ಯಾರ್ಥಿಗೂ ಇದು ಗೊತ್ತಿರಲಿ. ಜೀವರಕ್ಷಕರಿಲ್ಲದ ಕಡೆ ನೀರಿಗೆ ಇಳಿಯದಿರುವುದು ಅದಕ್ಕಿಂತಲೂ ಲೇಸು.

ಭಾನುವಾರ ಬೆಳಿಗ್ಗೆ ಈಜು ಅರ್ಧ ಗಂಟೆ ಮಾತ್ರ. ಜೀವರಕ್ಷಕರನ್ನು ಕೇಳಿ, ಗುರುತಿನ ಒಳಗೇ, ದಡಕ್ಕೆ ಸಮಾನಾಂತರವಾಗಿ ಅವರು ಹೋಗಿ ಬಂದು ಮಾಡಿದರು. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿತ್ತು. ಹಿಂದಿನ ಸೋರೆ ಬುರುಡೆಯ ಹೊಸ ಅವತಾರವೆನ್ನಿ. ಆದರೆ ಇದು ಇರುವುದು ತೇಲಿಸುವುದಕ್ಕಲ್ಲ, ಕಾಣಿಸುವುದಕ್ಕೆ. ಮಗ ಮರಳಿನ ಮೇಲೆ ಅಪ್ಪನ ಜೊತೆಜೊತೆಗೆ ನಡೆದ. ಅಪ್ಪನ ಈಜಿನ ವೇಗ ಗಂಟೆಗೆ ಎರಡು ಕಿ.ಮೀ. ಚಿಲ್ಲರೆ, ಹುಡುಗನ ನಡಿಗೆ ನಾಲ್ಕು. ಹಾಗಾಗಿ ಅವನು ಆಗಾಗ ನಿಂತು ಚಿಪ್ಪು ಆರಿಸಿದ, ಏಡಿಯ ಬಿಲ ನೋಡಿದ, ಅಪ್ಪ ಸಮಕ್ಕೆ ಬಂದಾಗ ಮತ್ತೆ ನಡೆದ. "ಅಮ್ಮಾ, ಅಪ್ಪ ಎಷ್ಟು ನಿಧಾನ!" ಎಂದು ಕೂಗಿದ. ಪತ್ನಿ ಮರಳಿನ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದರು. ಟವೆಲ್ ಚೀಲದಲ್ಲೇ ಇತ್ತು.

ಆಮೇಲೆ ಕೈಗಡಿಯಾರವೂ ಚೀಲಕ್ಕೆ ಹೋಯಿತು. ಕೆರೆಯಲ್ಲಿ ತೇಲುವುದಕ್ಕಿಂತ ಇಲ್ಲಿ ಸುಲಭವೇಕೆ ಎಂದು ಮಗಳು ಕೇಳಿದಳು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಅದರಿಂದ ಸಾಂದ್ರತೆ ಹೆಚ್ಚು, ಸಾಂದ್ರತೆ ಹೆಚ್ಚಿದರೆ ಮೇಲ್ಮುಖ ಒತ್ತಡ ಹೆಚ್ಚು ಎಂದು ಉತ್ತರವನ್ನೂ ತಾನೇ ಹೇಳಿದಳು. ಆರ್ಕಿಮಿಡೀಸನ ತತ್ತ್ವವನ್ನು ಅಂಗಾತ ತೇಲಿಕೊಂಡು ಓದಿದಂತಾಯಿತು. ಸಂಜೆ ಓಟಕ್ಕೆ ಕಾಲು ತುಡಿಯುತ್ತಿತ್ತು. ಆದರೂ ಅಪ್ಪ ಹೋಗಲಿಲ್ಲ.

ನವೆಂಬರಿನಲ್ಲಿ ಅವರು ಗೋವೆಯ ಸ್ಪರ್ಧೆಯನ್ನು ಏಳು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು. ದೊಡ್ಡ ಸಾಧನೆಯೇನಲ್ಲ, ಅವರಿಗಿಂತ ಮುಂದೆ ನೂರಾರು ಜನರಿದ್ದರು. ನೀರಿನಿಂದ ಯಾವಾಗ ಏಳುತ್ತಾರೆ, ಸೈಕಲ್ ಎಲ್ಲಿ ತಿರುಗುತ್ತದೆ ಎಂಬುದೆಲ್ಲ ಈ ಸಲ ಪತ್ನಿಯ ಕೈಯಲ್ಲಿದ್ದ ಕಾಗದದಲ್ಲಿ ಬರೆದಿತ್ತು. ಕಾಯುವುದು ತಪ್ಪಲಿಲ್ಲ. ಯಾವುದಕ್ಕೆ, ಎಷ್ಟು ಹೊತ್ತು ಎಂದು ಗೊತ್ತಿದ್ದ ಕಾಯುವಿಕೆ ಅಷ್ಟು ಭಾರವಾಗಲಿಲ್ಲ.

ಟ್ರಯತ್ಲಾನ್ ಎಲ್ಲರ ಮನೆಗೂ ಬರುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಬರುತ್ತವೆ. ಪರೀಕ್ಷೆಯ ವರ್ಷ ಓದುವವರು ಒಬ್ಬರು, ಕಾಯುವವರು ಮನೆಯಷ್ಟೂ ಜನ. ಟಿ.ವಿ. ಮೌನವಾಗುತ್ತದೆ, ನೆಂಟರ ಮದುವೆ ತಪ್ಪುತ್ತದೆ, ರಾತ್ರಿ ಹನ್ನೊಂದಕ್ಕೆ ಅಮ್ಮ ಹಾಲು ಬಿಸಿ ಮಾಡುತ್ತಾಳೆ. ವಿದ್ಯಾರ್ಥಿಗಳೇ, ನಿಮ್ಮ ವೇಳಾಪಟ್ಟಿಯ ಪಕ್ಕದಲ್ಲಿ ಒಮ್ಮೆ ಆ ಎರಡನೆಯ ಅಂಕಣವನ್ನೂ ಎಳೆದು ನೋಡಿ. ಪಾಲಕರು ನೆನಪಿಡಬೇಕಾದ್ದು ಇನ್ನೊಂದಿದೆ. ಸ್ನಾಯುವಿನಂತೆಯೇ ನೆನಪೂ ನಿದ್ರೆಯಲ್ಲಿ ಗಟ್ಟಿಯಾಗುತ್ತದೆ. ಮಗು ಪುಸ್ತಕ ಮುಚ್ಚಿ ಆಡಿದ ಒಂದು ಸಂಜೆಯನ್ನು ನಷ್ಟದ ಪುಟಕ್ಕೆ ಬರೆಯಬೇಡಿ.

ಸಾಗರದ ಆ ಮನೆಯಲ್ಲಿ ಡಿಸೆಂಬರಿನ ಹೊತ್ತಿಗೆ ಗೋಡೆಯ ಮೇಲಿನ ಪಟ್ಟಿ ಬದಲಾಗಿತ್ತು. ಈಗ ಅಲ್ಲಿ ಗಣಿತ, ವಿಜ್ಞಾನ, ಸಮಾಜ. 'ಆಗ ನಾವು' ಎಂಬ ಅಂಕಣವನ್ನು ಈ ಸಲ ಅಪ್ಪನೇ ತುಂಬಿದ್ದರು. ಬೆಳಿಗ್ಗೆ ಐದು, ಮಗಳಿಗೆ ಗಣಿತ. ಆಗ ಅಪ್ಪ: ಕಾಫಿ ಮಾಡುವುದು. ಭಾನುವಾರ ಸಂಜೆಯ ಸಾಲು ಮಾತ್ರ ಎರಡೂ ಕಡೆ ಖಾಲಿಯಾಗಿತ್ತು. ಅದನ್ನು ತುಂಬಬಾರದೆಂದು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದವನು ಆರನೇ ತರಗತಿಯ ಹುಡುಗ.