ಕತ್ತರಿಗೆ ಸಿಕ್ಕ ಎರಡಕ್ಷರ

"ಸರ್, ಆ ಚಿತ್ರದ ಕೆಳಗೆ ಏನು ಬರೆದಿದ್ದೀರಿ, ಇನ್ನೊಂದ್ಸಲ ಓದಿ" ಎಂದರು ಫೋನಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು. ಓದಿದೆ: 'ಅಥೀನಾಳ ಕಾಲ ಬಳಿ ಸೋತು ಬಿದ್ದ ಶತ್ರುಪಕ್ಷದ ಹೆಣ್ಣು.'

"ಬಿದ್ದಿಲ್ಲ ಸರ್, ಎದ್ದು ಬರ್ತಿದಾಳೆ."

ಒಂದು ಮಾಸಪತ್ರಿಕೆಗೆ ಪೆರ್ಗಮಾನ್ ಬಲಿಪೀಠದ ಮೇಲೆ ಬರೆದಿದ್ದೆ. ಕ್ರಿ.ಪೂ. 2ನೇ ಶತಮಾನದ್ದು, ಇಂದಿನ ಟರ್ಕಿಯ ಬೆರ್ಗಾಮದಲ್ಲಿ 1878ರಲ್ಲಿ ಉತ್ಖನನ ಶುರುವಾಗಿ, ಶಿಲ್ಪಗಳು ಬರ್ಲಿನ್ ಸೇರಿದವು. ಸುಮಾರು 113 ಮೀಟರ್ ಉದ್ದಕ್ಕೆ ದೇವತೆಗಳಿಗೂ ದೈತ್ಯರಿಗೂ ಕಾಳಗ. ಅಷ್ಟುದ್ದದ ಶಿಲ್ಪದಲ್ಲಿ ನಾನು ಆರಿಸಿಕೊಂಡದ್ದು ಗ್ರೀಕರ ಯುದ್ಧದೇವತೆ ಅಥೀನಾ ಇರುವ ಒಂದೇ ಒಂದು ಫಲಕ. ಅದೂ ಕಾಲಮ್ಮಿಗೆ ಹಿಡಿಸಲಿಲ್ಲವೆಂದು ಅಂಚು ಕತ್ತರಿಸಿದ್ದೆ.

ಮೇಷ್ಟ್ರು ಫೋನಿಟ್ಟ ಮೇಲೆ ಮೂಲ ಚಿತ್ರ ತೆಗೆದೆ. ಆ ಹೆಂಗಸಿನ ತಲೆಯ ಬಳಿ ಶಿಲ್ಪಿ ಎರಡು ಗ್ರೀಕ್ ಅಕ್ಷರ ಕೆತ್ತಿದ್ದ: 'ಗೇ'. ಅಂದರೆ ಗಾಯಾ, ಭೂಮಿತಾಯಿ. ನೋಡುವವರು ಎಡವಬಾರದೆಂದು ಎರಡು ಸಾವಿರ ವರ್ಷದ ಹಿಂದೆಯೇ ಹೆಸರು ಬರೆದಿಟ್ಟಿದ್ದ. ನಾನು ಅದನ್ನೇ ಕತ್ತರಿಸಿ ಎಸೆದು, ಎಡವಿ ಬಿದ್ದಿದ್ದೆ.

ಸೊಂಟದ ಕೆಳಗೆ ಏನೂ ಕಾಣದ್ದಕ್ಕೆ ಸೋತವಳೆಂದುಕೊಂಡೆ. ಗ್ರೀಕರು ಗಾಯಾಳನ್ನು ಅನೇಕ ಸಲ ಬಿಡಿಸುತ್ತಿದ್ದದ್ದೇ ಹಾಗೆ, ನೆಲದಿಂದ ಅರ್ಧ ಮೇಲೆದ್ದ ಹಾಗೆ. ನೆಲವೇ ಅವಳ ಮೈಯಾದರೆ ಬೇರೆ ಕಾಲು ಯಾಕೆ? ಸೀತೆಯನ್ನು ಭೂಮಿ ಬಾಯ್ದೆರೆದು ಕರೆದುಕೊಂಡ ಕಥೆ ಕೇಳಿ ಬೆಳೆದವನಿಗೆ ಇಷ್ಟು ಹೊಳೆಯಲಿಲ್ಲ.

ಇನ್ನು ಶತ್ರುಪಕ್ಷ! ದೈತ್ಯರು ಅವಳ ಮಕ್ಕಳು, ಸರಿ. ಆದರೆ ಜ್ಯೂಸ್‌ನ ಅಪ್ಪ ಕ್ರೋನಸ್ ಕೂಡ ಅವಳ ಮಗನೇ. ಆ ಲೆಕ್ಕದಲ್ಲಿ ಜ್ಯೂಸ್‌ನ ಮಗಳು ಅಥೀನಾಳಿಗೆ ಅವಳು ಮುತ್ತಜ್ಜಿ. ಕಾದಾಡುತ್ತಿರುವ ಎರಡೂ ಕಡೆ ಅವಳದೇ ಸಂತಾನ. ಅಥೀನಾ ಜುಟ್ಟು ಹಿಡಿದು ಎಳೆಯುತ್ತಿರುವ ದೈತ್ಯ ಆಲ್ಕಿಯೋನಿಯಸ್ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮಾತು. ಹುಟ್ಟಿದ ನೆಲದ ಮೇಲೆ ಇರುವತನಕ ಅವನಿಗೆ ಸಾವಿಲ್ಲ. ಹಾಗಾಗಿ ಅವನನ್ನು ಕೊಲ್ಲುವುದೆಂದರೆ ಮೊದಲು ತಾಯಿಯಿಂದ ಬಿಡಿಸುವುದು.

ನಾಚಿಕೆಯಲ್ಲೇ ಹುಡುಕುತ್ತಾ ಹೋದೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಮಡಕೆಗಳ ಮೇಲೆ ಅಥೀನಾ, ಗಾಯಾ ಇಬ್ಬರೂ ಸಿಕ್ಕರು. ಕಮ್ಮಾರ ದೇವತೆ ಹೆಫೈಸ್ಟಸ್‌ನ ವೀರ್ಯ ನೆಲಕ್ಕೆ ಬಿದ್ದು ಹುಟ್ಟಿದ ಕೂಸು ಎರಿಕ್ಥೋನಿಯಸ್. ಗಾಯಾ ಸೊಂಟದವರೆಗೆ ಮೇಲೆದ್ದು ಅದನ್ನು ಎತ್ತಿ ಕೊಡುತ್ತಿದ್ದಾಳೆ, ಸಾಕಿಕೋ ಎಂದು. ಅಥೀನಾ ಎರಡೂ ಕೈ ಚಾಚಿದ್ದಾಳೆ. ಒಂದು ಮಗುವನ್ನು ಹಾಗೆ ಒಪ್ಪಿಸಿದವಳು, ಬಲಿಪೀಠದಲ್ಲಿ ಇನ್ನೊಂದನ್ನು ಬಿಟ್ಟುಬಿಡೆಂದು ಬೇಡುತ್ತಿದ್ದಾಳೆ. ಅವಳನ್ನೇ ನಾನು ಒಂದು ಸಾಲಿನಲ್ಲಿ ಮುಗಿಸಿದ್ದೆ.

ಮುಂದಿನ ಸಂಚಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು, ಚಿತ್ರವಿಲ್ಲದೆ. ಇಡೀ ಫಲಕವನ್ನು ಮೇಷ್ಟ್ರಿಗೆ ವಾಟ್ಸಾಪ್ ಮಾಡಿದೆ. ರಾತ್ರಿ ಉತ್ತರ ಬಂತು: "ಕಣ್ಣು ನೋಡಿ ಸರ್. ಮಗನ ಕಡೆ ಇಲ್ಲ, ಅಥೀನಾಳ ಕಡೆ ಇದೆ."