ಕೇಳುವ ವಿದ್ಯೆ

ಮಾನವ ಕಳ್ಳಸಾಗಣೆಗಾರರ ಕೈಯಿಂದ ಮಗುವೊಂದನ್ನು ಬಿಡಿಸಿದೊಡನೆ ಕೆಲಸ ಮುಗಿಯಿತೆಂದು ಗೃಹಸ್ಥರಾದ ನಾವು ಎಣಿಸುವುದುಂಟು. ಆದರೆ ಕಷ್ಟವಾದ ಭಾಗವು ಅಲ್ಲಿಂದಲೇ ಮೊದಲಾಗುವುದು. ಒಮ್ಮೆ ಮೋಸಹೋದ ಮಗುವಿಗೆ ದೊಡ್ಡವರೆಲ್ಲರೂ ಒಂದೇ. ಪೊಲೀಸರು, ವೈದ್ಯರು, ವಕೀಲರು ಒಬ್ಬರಾದಮೇಲೊಬ್ಬರು ಅದೇ ಪ್ರಶ್ನೆಯನ್ನು ಕೇಳಿದರೆ ಅದು ಮೌನವನ್ನು ಆಶ್ರಯಿಸೀತು. ಇಲ್ಲವೆ ಕೇಳುವವರಿಗೆ ಬೇಕಾದುದನ್ನೇ ಹೇಳಿಬಿಟ್ಟೀತು. ಎರಡರಿಂದಲೂ ಲಾಭ ಅಪರಾಧಿಗೇ.

ಆದುದರಿಂದ ಕೇಳುವುದೂ ಒಂದು ವಿದ್ಯೆ, ಬಲ್ಲವರಿಂದ ಕಲಿಯತಕ್ಕದ್ದು. ನಮ್ಮ ಸುದ್ದಗುಂಟೆಪಾಳ್ಯಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಕೇಂದ್ರ ಸರ್ಕಾರದ ನೆರವಿನಿಂದ 2020ರಲ್ಲಿ ಆರಂಭವಾದ ‘ಸಂವಾದ್’ ಎಂಬ ವಿಭಾಗವು ಮಕ್ಕಳ ರಕ್ಷಣೆಯಲ್ಲಿ ತೊಡಗಿದವರಿಗೆ ಶಿಕ್ಷಣ ಕೊಡುತ್ತದೆ. ಹೆಸರು ಅನ್ವರ್ಥವಾದುದು: ಸಂವಾದವೆಂದರೆ ಕೂಡಿ ಆಡುವ ಮಾತು, ವಿಚಾರಣೆಯಲ್ಲ.

ಶಾಸನವೂ ಇದನ್ನೇ ಬಯಸುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಗುವಿನ ಹೇಳಿಕೆಯನ್ನು ಪಡೆಯುವ ಪೊಲೀಸ್ ಅಧಿಕಾರಿಯು ಸಮವಸ್ತ್ರದಲ್ಲಿರಕೂಡದು. ಮಗು ಆಡಿದಂತೆಯೇ ಬರೆದುಕೊಳ್ಳಬೇಕು. ರಾತ್ರಿ ಅದನ್ನು ಠಾಣೆಯಲ್ಲಿರಿಸಕೂಡದು ಎಂದು 2012ರ ಪೋಕ್ಸೊ ಕಾಯಿದೆಯು ವಿಧಿಸಿದೆ. ಶಾಸನವು ಸಮವಸ್ತ್ರವನ್ನು ಕಳಚಿಸಬಲ್ಲುದು. ಕಂಠದ ಗದರಿಕೆಯನ್ನು ಕಳಚಿಸಲಾರದು. ಅದಕ್ಕೆ ಶಿಕ್ಷಣವೇ ಬೇಕು.

ನಮ್ಮ ಕರ್ತವ್ಯವೇನು? ಹದಿನಾಲ್ಕು ತುಂಬದವರನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು ಅಪರಾಧ. ನೆರೆಮನೆಯಲ್ಲಿ ಪಾತ್ರೆ ತಿಕ್ಕುತ್ತ, ತನ್ನ ಊರ ಹೆಸರು ಹೇಳಲೂ ಅಂಜುವ ಹುಡುಗಿಯನ್ನು ಕಂಡರೆ ನಾವೇ ವಿಚಾರಣೆಗೆ ತೊಡಗಬಾರದು; ನೆರೆಯವರೊಡನೆ ಜಗಳಕ್ಕೂ ನಿಲ್ಲಬಾರದು. ಹಾಗಾದರೆ ಆಕೆಯನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿಯಾರು. ಮಕ್ಕಳ ಸಹಾಯವಾಣಿಯಾದ 1098ಕ್ಕೆ ತಿಳಿಸಿ, ಬಲ್ಲವರನ್ನು ಬರಮಾಡಿಕೊಳ್ಳುವುದೇ ಯುಕ್ತ. ಕಂಡೂ ಸುಮ್ಮನಿರುವುದು ಮಾತ್ರ ಗೃಹಸ್ಥಧರ್ಮವಲ್ಲ.