ಮೆಟ್ಟಿಲ ಕೆಳಗಿನ ಸರ್ವರ್

ಪೀಣ್ಯ ಎರಡನೇ ಹಂತ. ಸೋಮವಾರ ಬೆಳಿಗ್ಗೆ ಎಂಟೂಕಾಲು. ಶೆಡ್ಡಿನೊಳಗೆ ಕೂಲೆಂಟ್ ವಾಸನೆ. ಹುಡುಗರು ಇನ್ನೂ ಟೀ ಕುಡಿಯುತ್ತಿದ್ದಾರೆ. ಅಕೌಂಟ್ಸ್ ಮೇಡಂ ಬಾಗಿಲಲ್ಲೇ ನಿಂತು ಕರೆಯುತ್ತಾರೆ: "ಸರ್, ಟ್ಯಾಲಿ ಓಪನ್ ಆಗ್ತಿಲ್ಲ. ಸ್ವಲ್ಪ ಬನ್ನಿ."

ಹೋಗಿ ನೋಡುತ್ತೇನೆ. ಹನ್ನೆರಡು ವರ್ಷದ ಲೆಕ್ಕ, ಗಿರಾಕಿಗಳ ಡ್ರಾಯಿಂಗು, ಜಿಎಸ್‌ಟಿ ಬಿಲ್ಲು, ಪ್ರತಿ ಫೈಲಿನ ಹೆಸರಿಗೂ ಕಂಡರಿಯದ ಬಾಲ. ಫೋಲ್ಡರಿಗೊಂದು ಚೀಟಿ: ದುಡ್ಡು ಕೊಟ್ಟರೆ ಬೀಗ ತೆಗೆಯುತ್ತೇವೆ. ಅಂಗೈ ತಣ್ಣಗಾಗುತ್ತದೆ.

ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿಗೆ ಫೋನ್ ಮಾಡುತ್ತೇನೆ. ಆ ಹುಡುಗನ ದನಿಯಲ್ಲಿ ಗಾಬರಿಯಿಲ್ಲ. "ಸರ್, ಮೊದಲು ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಆಫ್ ಮಾತ್ರ ಮಾಡ್ಬೇಡಿ, ಮೆಮೊರಿಯಲ್ಲಿರೋ ಸುಳಿವು ಹೋಗುತ್ತೆ. ಹೊರಟೆ ನಾನು."

ಮೆಟ್ಟಿಲ ಕೆಳಗೆ ಬಗ್ಗುತ್ತೇನೆ. ಧೂಳು, ಹಳೆಯ ರಟ್ಟಿನ ಡಬ್ಬ, ಅದರ ಹಿಂದೆ ಗುಂಯ್ ಎನ್ನುತ್ತಿರುವ ಸರ್ವರ್. ನೀಲಿ ಕೇಬಲ್ಲಿನ ಕ್ಲಿಪ್ಪು ಒತ್ತಿ ಎಳೆಯುತ್ತೇನೆ. ಹಸಿರು ದೀಪ ಆರುತ್ತದೆ.

ಹತ್ತು ಗಂಟೆ. ಹುಡುಗ ಲ್ಯಾಪ್‌ಟಾಪ್ ತೆರೆದು ರಾತ್ರಿಯ ದಾಖಲೆ ತೋರಿಸುತ್ತಾನೆ. 2.40ಕ್ಕೆ ಕಳ್ಳ ಒಳಗೆ ಬಂದಿದ್ದಾನೆ. ಮೇಜುಗಳ ಮೇಲಿನ ಹದಿಮೂರು ಕಂಪ್ಯೂಟರಿಗೆ ಕೈಹಾಕಿದಾಗ ಇವರ ಕಾವಲು ತಂತ್ರಾಂಶ ತಡೆದಿದೆ. ಸರ್ವರಿಗೆ ಆ ಕಾವಲೇ ಇರಲಿಲ್ಲ. ತಿಂಗಳ ಬಿಲ್ಲು ಇಳಿಯಲಿ ಎಂದು ಅದನ್ನು ಪಟ್ಟಿಯಿಂದ ತೆಗೆಸಿದವನು ನಾನು. ಮೆಷಿನ್ ಸರ್ವಿಸಿನವರು ಕೇಳಿದರೆಂದು ಹೊರಗಿನಿಂದ ರಿಮೋಟ್ ದಾರಿ ತೆರೆಸಿ, ಇವರಿಗೆ ತಿಳಿಸದೆ ಬಿಟ್ಟವನೂ ನಾನೇ.

"ಗೊತ್ತಾದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸ್ಬೇಕು ಸರ್." ಕೇಂದ್ರ ಸರ್ಕಾರದ ಆ ಸೈಬರ್ ಸುರಕ್ಷಾ ಸಂಸ್ಥೆಯ 2022ರ ಏಪ್ರಿಲ್‌ನ ನಿರ್ದೇಶನವದು, 180 ದಿನದ ಲಾಗ್ ಇಡಬೇಕೆನ್ನುವುದೂ ಅದರಲ್ಲೇ ಇದೆ. ವಿವರ ತುಂಬುವುದು ಅವನು, ಹೆಸರು ನಮ್ಮದು.

ಬೀರುವಿನಿಂದ ಹಾರ್ಡ್‌ಡಿಸ್ಕ್ ಹೊರಬರುತ್ತದೆ. ಶುಕ್ರವಾರ ಸಂಜೆ ಬ್ಯಾಕಪ್ ತೆಗೆದು ವೈರು ಬಿಚ್ಚಿಡಲೇಬೇಕು ಎಂದು ಹಟ ಹಿಡಿದಿದ್ದವನು ಇವನೇ. ಆ ಹಟಕ್ಕೆ ನಾನು ಎಷ್ಟು ಕೃತಜ್ಞನೆಂದು ಅವನಿಗೆ ಹೇಳಲು ಮಾತು ಬರುತ್ತಿಲ್ಲ.

ಪರದೆಯ ಮೇಲಿನ ಪಟ್ಟಿ ನಿಧಾನಕ್ಕೆ ತುಂಬುತ್ತಿದೆ. ಕೇಳುತ್ತೇನೆ: "ನಿಮ್ಮನೆಗೇ ಕಳ್ಳ ನುಗ್ಗಿದ್ರೆ ಏನಪ್ಪಾ?" ಅವನು ತಪ್ಪಿಸಿಕೊಳ್ಳುವುದಿಲ್ಲ. 2021ರ ಜುಲೈ 2ರಂದು ಇಂಥ ಕಂಪನಿಗಳೇ ಬಳಸುತ್ತಿದ್ದ ಕಸೇಯಾ ತಂತ್ರಾಂಶದ ಮೂಲಕ ದಾಳಿಯಾಗಿ, ಬಿಲ್ಲಿಂಗ್ ನಿಂತು ಸ್ವೀಡನ್ನಿನ ಕೋಪ್ ಸರಣಿಯ ನೂರಾರು ಅಂಗಡಿಗಳು ಬಾಗಿಲು ಹಾಕಿದವು. 2024ರ ಜುಲೈ ಕೊನೆಗೆ ನಮ್ಮ ದೇಶದಲ್ಲೇ ಒಂದು ಸೇವಾ ಕಂಪನಿಗೆ ಪೆಟ್ಟು ಬಿದ್ದು ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿಗೆ ತೊಡಕಾಯಿತು. ಅದಕ್ಕೇ ಅವನು ನಮ್ಮ ಸಿಸ್ಟಮ್ಮಿಗೆ ಬರುವಾಗಲೆಲ್ಲ ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡನ್ನೂ ಹಾಕುತ್ತಾನೆ.

ಮಧ್ಯಾಹ್ನ ಮೂರಕ್ಕೆ ಟ್ಯಾಲಿ ತೆರೆಯುತ್ತದೆ. ಶನಿವಾರದ ಬಿಲ್ಲುಗಳಿಲ್ಲ. ಮೇಡಂ ಚಲನ್ ಪುಸ್ತಕ ಬಿಡಿಸಿಕೊಂಡು ಮತ್ತೆ ಟೈಪ್ ಮಾಡಲು ಕೂರುತ್ತಾರೆ.

ಕಂಪ್ಯೂಟರ್ ನೋಡಿಕೊಳ್ಳುವವರ ಜೊತೆಗಿನ ನಿಮ್ಮ ಒಪ್ಪಂದದ ಕಾಗದವನ್ನೂ ಇವತ್ತೇ ತೆಗೆಯಿರಿ. ಅದರಲ್ಲಿರುವ ಯಂತ್ರಗಳ ಪಟ್ಟಿ ಹಿಡಿದು ಆಫೀಸಿನಲ್ಲಿ ಒಂದು ಸುತ್ತು ಬನ್ನಿ. ಮೆಟ್ಟಿಲ ಕೆಳಗೂ ಬಗ್ಗಿ ನೋಡಿ.